ಪಟ್ಟಿಯಲ್ಲಿ ಒಂದೇ ಅಂಕಿ, ಮೇಜಿನ ಮೇಲೆ ಬೇರೆ ಲೆಕ್ಕ: ಐ5-12400 ಮತ್ತು ರೈಜನ್ 5 5600ಜಿ

ಆರು ಕೋರ್ (ಲೆಕ್ಕ ಮಾಡುವ ಘಟಕ), ಹನ್ನೆರಡು ಥ್ರೆಡ್ (ಒಮ್ಮೆಗೆ ನಡೆಸುವ ಕೆಲಸದ ಎಳೆ), 4.4 ಗಿಗಾಹರ್ಟ್ಜ್, 65 ವಾಟ್. ಕಂಪ್ಯೂಟರ್ ಪ್ರೊಸೆಸರ್ ಚಿಪ್‌ಗಳಲ್ಲಿ ಇಂಟೆಲ್ ಕೋರ್ ಐ5-12400ರ ವಿವರಪಟ್ಟಿ ತೆಗೆದರೂ ಇದೇ ನಾಲ್ಕು ಅಂಕಿ, ಎಎಂಡಿ ರೈಜನ್ 5 5600ಜಿ ತೆಗೆದರೂ ಇದೇ ನಾಲ್ಕು. ತುಮಕೂರಿನಲ್ಲಿ ಅಂಗಡಿಯವರು ಬರೆದುಕೊಡುವ ಕೊಟೇಷನ್ ಚೀಟಿಯಲ್ಲಿ ಇರುವುದೂ ಇಷ್ಟೇ. ಹಾಗಾಗಿ "ಎರಡೂ ಒಂದೇ ಅಲ್ವಾ ಅಣ್ಣ, ಯಾವುದು ಕಡಿಮೆಗೆ ಬರುತ್ತೋ ಅದನ್ನೇ ಹಾಕ್ಬಿಡಿ" ಅನ್ನುವುದು ಗಿರಾಕಿಯ ತಪ್ಪಲ್ಲ.

ನಮ್ಮ ಮುಂದೆ ಕಟ್ಟಬೇಕಾದ ಮಿಷನ್ ಮೂರಿದ್ದವು. ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊಗೆ ಒಂದು, ಎಂಜಿನಿಯರಿಂಗ್ ಓದುವ ಹುಡುಗನಿಗೆ ಒಂದು, ಮಂಡಿಪೇಟೆಯ ಅಂಗಡಿಯ ಟ್ಯಾಲಿಗೆ ಒಂದು. ಮೂರರಲ್ಲೂ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಸದ್ಯಕ್ಕೆ ಬೇಡ, ಆಮೇಲೆ ನೋಡೋಣ ಎಂಬ ಮಾತು. ಎರಡು ಚಿಪ್ ಕೈಯಲ್ಲಿದ್ದಾಗ ಒಂದೇ ಮೇಜಿನ ಮೇಲೆ ಓಡಿಸಿ ನೋಡುವುದೇ ಸರಿ ಎಂದು ಕೂತೆವು. ಬೆಲೆ ಇಲ್ಲಿ ಬರೆಯುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೋಮವಾರ ಹೇಳಿದ ರೇಟು ಶನಿವಾರಕ್ಕೆ ಇರುವುದಿಲ್ಲ.

ಮೊದಲು ಹೆಸರಿನ ಕೊನೆಯ ಅಕ್ಷರದ ವಿಷಯ. ಇಲ್ಲಿ ಎರಡು ಕಂಪನಿಯ ರೂಢಿ ತಿರುಗುಮುರುಗು. ಇಂಟೆಲ್‌ನಲ್ಲಿ ಅಕ್ಷರವಿಲ್ಲದ 12400ಕ್ಕೆ ಒಳಗೇ ಗ್ರಾಫಿಕ್ಸ್ ಇದೆ, 12400ಎಫ್‌ಗೆ ಇಲ್ಲ. ಎಎಂಡಿಯ ಈ ಸಾಲಿನಲ್ಲಿ ಅಕ್ಷರವಿಲ್ಲದ 5600ಕ್ಕೆ ಗ್ರಾಫಿಕ್ಸ್ ಇಲ್ಲ, 5600ಜಿಗೆ ಇದೆ. ಸ್ವಲ್ಪ ದುಡ್ಡು ಉಳಿಯಿತೆಂದು ಎಫ್ ಚಿಪ್ ತಂದು, ಮದರ್‌ಬೋರ್ಡಿನ ಎಚ್‌ಡಿಎಂಐಗೆ ಕೇಬಲ್ ಚುಚ್ಚಿ, ಡಿಸ್‌ಪ್ಲೇ ಬರುತ್ತಿಲ್ಲವೆಂದು ಬೋರ್ಡ್ ವಾಪಸ್ ಕೊಡಲು ಹೋಗುವವರು ಈಗಲೂ ಇದ್ದಾರೆ. ಬೋರ್ಡ್ ಕೆಟ್ಟಿರುವುದಿಲ್ಲ, ಚಿಪ್ಪಿನಲ್ಲಿ ಚಿತ್ರ ತಯಾರಿಸುವ ಭಾಗವೇ ಇಲ್ಲ.

ಇನ್ನು ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿರುವುದು. 12400 ಬಂದದ್ದು 2022ರ ಜನವರಿಯಲ್ಲಿ, 5600ಜಿ ಅಂಗಡಿಗೆ ಬಂದದ್ದು 2021ರ ಆಗಸ್ಟ್‌ನಲ್ಲಿ. ಬೇಸ್ ಕ್ಲಾಕ್, ಅಂದರೆ ಚಿಪ್ಪಿನ ಗಡಿಯಾರದ ಮೂಲ ವೇಗ, ಇಂಟೆಲ್‌ಗೆ 2.5, ಎಎಂಡಿಗೆ 3.9 ಗಿಗಾಹರ್ಟ್ಜ್. ಇದನ್ನು ನೋಡಿ ಎಎಂಡಿ ಒಂದೂವರೆ ಪಟ್ಟು ವೇಗ ಎಂದುಕೊಳ್ಳಬಾರದು. 2.5 ಅನ್ನುವುದು ಇಂಟೆಲ್ ಕೊಡುವ ಕನಿಷ್ಠ ಖಾತರಿ. ಕೂಲರ್ ನೆಟ್ಟಗಿದ್ದರೆ ಆರೂ ಕೋರ್ ದುಡಿಯುವಾಗಲೂ ಅದು 4.0ರಲ್ಲಿ ಓಡುತ್ತದೆ. ಎಲ್3 ಕ್ಯಾಷ್ (ಚಿಪ್ಪಿನೊಳಗಿನ ವೇಗದ ಮೆಮೊರಿ) 18 ಎಂಬಿಗೆ ಎದುರು 16 ಎಂಬಿ. ಎಲ್2 ಕೋರ್ ಒಂದಕ್ಕೆ 1.25 ಎಂಬಿಗೆ ಎದುರು 512 ಕೆಬಿ. ಎಲ್2ರ ಈ ಅಂತರ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಕೆಲಸ ಮಾಡುವುದು ಅದೇ. ಜೊತೆಗೆ 12400ರ ಕೋರ್ ಗಡಿಯಾರದ ಒಂದು ಬಡಿತಕ್ಕೆ ಆರು ಆದೇಶ ಬಿಡಿಸಿಕೊಳ್ಳುವಷ್ಟು ಅಗಲ, 5600ಜಿಯ ಜೆನ್ 3 ವಿನ್ಯಾಸದ ಕೋರ್ ಬಿಡಿಸಿಕೊಳ್ಳುವುದು ನಾಲ್ಕು. ಎರಡೂ 4.4ರಲ್ಲಿ ಓಡಿದರೂ ಒಂದು ಬಡಿತಕ್ಕೆ ಮುಗಿಯುವ ಕೆಲಸ ಒಂದೇ ಅಲ್ಲ ಅನ್ನುವುದಕ್ಕೆ ಕಾರಣ ಇದು. 'ಇಂಟೆಲ್ 7' ಮತ್ತು '7 ನ್ಯಾನೊಮೀಟರ್' ಎರಡರಲ್ಲೂ ಏಳು ಇದೆ ಎಂದು ತೂಗಲು ಹೋಗಬೇಡಿ. ಎರಡೂ ಚಿಪ್ ತಯಾರಿಸುವ ವಿಧಾನದ ಹೆಸರು, ಅಳತೆ ಅಲ್ಲ.

ಪರೀಕ್ಷೆಗೆ ಬೋರ್ಡ್ ಮಾತ್ರ ಬೇರೆ ಬೇರೆ, ಅದು ತಪ್ಪದು: ಇಂಟೆಲ್‌ಗೆ ಎಲ್‌ಜಿಎ1700 ಸಾಕೆಟ್ಟಿನ (ಚಿಪ್ ಕೂರುವ ಜಾಗ) ಎಚ್610, ಎಎಂಡಿಗೆ ಎಎಂ4 ಸಾಕೆಟ್ಟಿನ ಬಿ550. ಉಳಿದದ್ದೆಲ್ಲ ಒಂದೇ ಸೆಟ್: 8 ಜಿಬಿಯ ಎರಡು ಡಿಡಿಆರ್4-3200 ರ‍್ಯಾಮ್ ಕಡ್ಡಿ, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 450 ವಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), ಅದೇ ಕ್ಯಾಬಿನೆಟ್, ಚಿಪ್ಪಿಗೂ ಕೂಲರ್‌ಗೂ ನಡುವೆ ಹಚ್ಚುವ ಅದೇ ಪೇಸ್ಟ್. ಎಚ್610 ಬೋರ್ಡ್ ಡಿಡಿಆರ್4ಕ್ಕೂ ಬರುತ್ತದೆ, ಡಿಡಿಆರ್5ಕ್ಕೂ ಬರುತ್ತದೆ. ಕಡ್ಡಿಯ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಆರ್ಡರ್ ಕೊಡುವಾಗ ಮಾದರಿ ಹೆಸರಿನ ಕೊನೆಯವರೆಗೂ ಓದಿ. ವಿಂಡೋಸ್ ಎರಡಕ್ಕೂ ಹೊಸದಾಗಿ ಹಾಕಿದೆವು. ಒಂದೇ ಎಸ್‌ಎಸ್‌ಡಿಯನ್ನು ಇಂಟೆಲ್‌ನಿಂದ ಬಿಚ್ಚಿ ಎಎಂಡಿಗೆ ಚುಚ್ಚಿದರೂ ಬೂಟ್ ಆಗುತ್ತದೆ, ಆದರೆ ಹಳೇ ಚಿಪ್‌ಸೆಟ್ ಡ್ರೈವರ್ ಒಳಗೇ ಉಳಿದು ಸ್ಕೋರು ಅಲ್ಲಾಡುತ್ತದೆ.

ಕೂರಿಸುವ ಕೆಲಸದಲ್ಲಿ ಎರಡಕ್ಕೂ ಒಂದೊಂದು ಗಂಡಾಂತರ. ಎಎಂ4ರಲ್ಲಿ ಪಿನ್ನು ಚಿಪ್ಪಿನ ಹೊಟ್ಟೆಗಿರುತ್ತದೆ, 1331. ಸೆಕೆಂಡ್ ಹ್ಯಾಂಡ್ ಚಿಪ್ ತಂದರೆ ಕೂರಿಸುವ ಮುಂಚೆ ಪಿನ್ನಿನ ಸಾಲುಗಳನ್ನು ಬೆಳಕಿಗೆ ಓರೆ ಹಿಡಿದು ನೋಡಿ. ಬಾಗಿದ್ದು ಸಾಲಿನಿಂದ ಆಚೆ ಕಾಣುತ್ತದೆ. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ತುದಿಯನ್ನು ಪಿನ್ನಿಗೆ ತೊಡಿಸಿ ಮೆಲ್ಲಗೆ ನೆಟ್ಟಗೆ ಮಾಡಬಹುದು, ಆದರೆ ಅತ್ತಿತ್ತ ಎರಡು ಮೂರು ಸಲ ಆಡಿಸಿದರೆ ಮುರಿಯುತ್ತದೆ. ಕೂಲರ್ ಬಿಚ್ಚುವಾಗ ಇನ್ನೊಂದು ಪಜೀತಿ: ಪೇಸ್ಟ್ ಒಣಗಿ ಅಂಟಿಕೊಂಡಿದ್ದರೆ ಲಾಕ್ ಹಾಕಿದ್ದರೂ ಚಿಪ್ ಕೂಲರ್ ಜೊತೆಗೇ ಕಿತ್ತು ಬರುತ್ತದೆ. ಹತ್ತು ನಿಮಿಷ ಮಿಷನ್ ಓಡಿಸಿ ಬಿಸಿ ಮಾಡಿ, ಪವರ್ ತೆಗೆದು, ಕೂಲರನ್ನು ಮೇಲಕ್ಕೆ ಎಳೆಯದೆ ಎಡಕ್ಕೆ ಬಲಕ್ಕೆ ತಿರುಚಿ ತೆಗೆಯಬೇಕು.

ಇಂಟೆಲ್‌ನಲ್ಲಿ ಪಿನ್ನು ಬೋರ್ಡಿನ ಸಾಕೆಟ್ಟಿನಲ್ಲಿ. ಅಲ್ಲಿ ಕೈ ತಪ್ಪಿ ಚಿಪ್ಪಿನ ಮೂಲೆ ಬಿದ್ದರೆ ಬೋರ್ಡಿನ ಕಥೆ ಮುಗಿಯಿತು. ಜೊತೆಗೆ ಬರುವ ಕೂಲರ್ ನಾಲ್ಕು ಪ್ಲಾಸ್ಟಿಕ್ ಪಿನ್ನಿನದು. ಬೋರ್ಡನ್ನು ಕ್ಯಾಬಿನೆಟ್ಟಿಗೆ ಬಿಗಿಯುವ ಮುಂಚೆಯೇ ಅದನ್ನು ಹಾಕಿ, ಮೂಲೆಗೆ ಮೂಲೆ ಎದುರಾಗಿ ಒತ್ತಿ, ಪ್ರತಿಯೊಂದಕ್ಕೂ 'ಟಕ್' ಎಂದು ಕೇಳಿಸಬೇಕು. ಆಮೇಲೆ ಬೋರ್ಡ್ ಮಗುಚಿ ಹಿಂಬದಿ ನೋಡಿ: ಬಿಳಿ ಕಾಲುಗಳ ನಡುವೆ ಕಪ್ಪು ಕಡ್ಡಿ ಪೂರ್ತಿ ಇಳಿದು ಕಾಲು ಅಗಲವಾಗಿರಬೇಕು. ನಾಲ್ಕರಲ್ಲಿ ಒಂದು ಅರ್ಧ ಇಳಿದಿದ್ದರೂ ಬಯಾಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಸುಮ್ಮನೆ ಕೂತಾಗ ಗೊತ್ತಾಗುವುದಿಲ್ಲ. ಭಾರ ಬಿದ್ದ ಕೂಡಲೇ ಅಳತೆ 100 ಡಿಗ್ರಿಗೆ ಹೋಗಿ ನಿಲ್ಲುತ್ತದೆ. ಹಳೇ ಎಲ್‌ಜಿಎ1200ರ ಕೂಲರ್ ಇದೆ, ಅದನ್ನೇ ಹಾಕೋಣ ಎಂದರೆ ಆಗದು. ಅದರ ರಂಧ್ರಗಳ ಅಂತರ 75 ಮಿಲಿಮೀಟರ್, ಎಲ್‌ಜಿಎ1700ರದ್ದು 78.

ಪೇಸ್ಟ್ ಎಎಂ4ಕ್ಕೆ ನಡುವೆ ಒಂದು ಸಣ್ಣ ಬಟಾಣಿಯಷ್ಟು. 12400 ಚಿಪ್ ಚೌಕವಲ್ಲ, ಉದ್ದುದ್ದ. ನಡುವೆ ಒಂದೇ ಚುಕ್ಕೆ ಇಟ್ಟರೆ ಎರಡು ತುದಿ ಒಣಗೇ ಉಳಿಯುತ್ತದೆ. ಉದ್ದಕ್ಕೆ ಹೆಸರುಕಾಳಿನಷ್ಟು ಎರಡು ಚುಕ್ಕೆ ಇಟ್ಟೆವು.

ಬಯಾಸ್. ಎಎಂ4 ಬೋರ್ಡ್ ಹಳೇ ಸ್ಟಾಕ್ ಆಗಿದ್ದರೆ 5600ಜಿ ಅದಕ್ಕೆ ಗುರುತೇ ಇರುವುದಿಲ್ಲ, ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಷ್‌ಬ್ಯಾಕ್ ಬಟನ್ ಇದ್ದರೆ ಪೆನ್‌ಡ್ರೈವ್‌ನಲ್ಲೇ ಆಗುತ್ತದೆ. ಇಲ್ಲದಿದ್ದರೆ ಹಳೇ ರೈಜನ್ ಒಂದನ್ನು ಹಾಕಿ ಅಪ್‌ಡೇಟ್ ಮಾಡಿ ಮತ್ತೆ ಬಿಚ್ಚಬೇಕು. ಎಚ್610 ಹುಟ್ಟಿದ್ದೇ 12ನೇ ತಲೆಮಾರಿನ ಜೊತೆಗಾದ್ದರಿಂದ ಆ ಕಾಟವಿಲ್ಲ.

ಆಮೇಲೆ ಎಲ್ಲರೂ ಬಿಟ್ಟುಬಿಡುವ ಹೆಜ್ಜೆ, ರ‍್ಯಾಮ್. ಲೇಬಲ್ ಮೇಲೆ 3200 ಎಂದಿದ್ದರೂ ಎಕ್ಸ್‌ಎಂಪಿ (ತಯಾರಕರು ಕಡ್ಡಿಯಲ್ಲೇ ಬರೆದಿಟ್ಟ ವೇಗದ ಸೆಟ್ಟಿಂಗ್) ಇರುವ ಕಡ್ಡಿ ತಾನಾಗಿ 3200ರಲ್ಲಿ ಏಳುವುದಿಲ್ಲ. ಸಾಮಾನ್ಯವಾಗಿ 2133, 2400 ಇಲ್ಲವೇ 2666ರಲ್ಲಿ ಕೂರುತ್ತದೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ, ವಿಂಡೋಸ್‌ಗೆ ಬಂದು ಸಿಪಿಯು-ಝಡ್‌ನಲ್ಲಿ ಮೆಮೊರಿ ಪುಟ ತೆಗೆದೆವು. ಅಲ್ಲಿ 1600 ಮೆಗಾಹರ್ಟ್ಜ್ ಕಾಣುತ್ತದೆ. ಗಾಬರಿ ಬೇಡ, ಡಿಡಿಆರ್ ಅಂದರೆ ಬಡಿತಕ್ಕೆ ಎರಡು ಸಲ. 1600ರ ಎರಡರಷ್ಟೇ 3200. ಅದೇ ಪುಟದಲ್ಲಿ ಚಾನೆಲ್ (ರ‍್ಯಾಮಿಗೂ ಚಿಪ್ಪಿಗೂ ನಡುವಿನ ದಾರಿ) ಎರಡು ಎಂದು ತೋರಿಸುತ್ತಿದೆಯೇ ನೋಡಿ. ನಾಲ್ಕು ಸ್ಲಾಟಿನ ಬಿ550ಯಲ್ಲಿ ಮೊದಲ ಸಲ ಕಡ್ಡಿಗಳನ್ನು ಪಕ್ಕಪಕ್ಕ ಚುಚ್ಚಿದ್ದೆವು, ಚಾನೆಲ್ ಒಂದೇ ಬಂತು. ಚಿಪ್ಪಿನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿದ ಮೇಲೆ ಸರಿಹೋಯಿತು. ಈ ಒಂದು ತಪ್ಪು ಸಾಕು, ಚಿಪ್ ಚಿಪ್ಪಿನ ನಡುವೆ ಇರುವ ಅಂತರಕ್ಕಿಂತ ದೊಡ್ಡ ಅಂತರ ತೋರಿಸಲು.

ಓಟ ಶುರು. ಮೊದಲು ಚಿಪ್ಪಿನ ವೇಗಕ್ಕೆ ಅಂಕ ಕೊಡುವ ಸಿನೆಬೆಂಚ್ ಆರ್23, ಹತ್ತು ನಿಮಿಷದ ಸೆಟ್ಟಿಂಗ್‌ನಲ್ಲಿ. ಒಂದೇ ಸುತ್ತಿನ ಸ್ಕೋರ್ ಬರೆದುಕೊಳ್ಳಬೇಡಿ. ಕೂಲರ್ ಇನ್ನೂ ತಣ್ಣಗಿರುವಾಗ ಬರುವ ಅಂಕಿ ಅದು. ಪಕ್ಕದಲ್ಲಿ ಎಚ್‌ಡಬ್ಲ್ಯುಇನ್ಫೊ ತೆರೆದಿಟ್ಟು ವಾಟ್, ಗಡಿಯಾರ, ಬಿಸಿ ಮೂರನ್ನೂ ನೋಡುತ್ತಿರಬೇಕು. ವಿಂಡೋಸ್ ಅಪ್‌ಡೇಟ್ ಮುಗಿದಿರಬೇಕು, ನೆಟ್ ತೆಗೆದಿರಬೇಕು. ಕೋಣೆಯ ಬಿಸಿಯೂ ಒಂದೇ ಇರಬೇಕು. ಏಪ್ರಿಲ್‌ನಲ್ಲಿ ತುಮಕೂರಿನ ಶೀಟಿನ ಛಾವಣಿಯ ಕೆಳಗೆ ಬೆಳಿಗ್ಗೆ ಏಳಕ್ಕೆ ಒಂದು ಚಿಪ್, ಮಧ್ಯಾಹ್ನ ಮೂರಕ್ಕೆ ಇನ್ನೊಂದು ಓಡಿಸಿದರೆ ಹೋಲಿಕೆ ಕೆಟ್ಟಿತು. ಕೋಣೆ ಒಂದು ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ನಾವು ಎರಡನ್ನೂ ಸಂಜೆ ಏಳರ ಮೇಲೆ, ಯುಪಿಎಸ್ ಮೇಲಿಟ್ಟು ಓಡಿಸಿದೆವು. ಎಂಟನೇ ನಿಮಿಷಕ್ಕೆ ಕರೆಂಟ್ ಹೋದರೆ ಮತ್ತೆ ಸೊನ್ನೆಯಿಂದ.

12400 ಎಲ್ಲ ಕೋರ್ ಸೇರಿ 12 ಸಾವಿರದ ಗಡಿ ದಾಟಿತು, 5600ಜಿ ಹತ್ತೂವರೆಯಿಂದ ಹನ್ನೊಂದು ಸಾವಿರದೊಳಗೆ ನಿಂತಿತು. ಒಂದೇ ಕೋರ್‌ಗೆ ಒಂದು 1,700ರ ಸುತ್ತ, ಇನ್ನೊಂದು 1,500ರ ಸುತ್ತ. ಶೇಕಡ ಹನ್ನೆರಡು-ಹದಿನೈದರ ಲೆಕ್ಕ. ಫೋಟೊಶಾಪ್‌ನಲ್ಲಿ ಆಲ್ಬಮ್ ಹಾಳೆ ಜೋಡಿಸುವಾಗ ಲೆಕ್ಕಕ್ಕೆ ಬರುವುದು ಈ ಎರಡನೇ ಅಂಕಿ, ಅಲ್ಲಿನ ಬಹಳ ಕೆಲಸ ಒಂದೆರಡು ಕೋರಿನ ಮೇಲೇ ನಡೆಯುತ್ತದೆ.

ಆದರೆ ಈ 12 ಸಾವಿರಕ್ಕೆ ಒಂದು ಷರತ್ತಿದೆ, ಅದು ವಾಟ್. 65 ಅನ್ನುವುದು ಇಬ್ಬರ ಪಟ್ಟಿಯಲ್ಲೂ ಇದ್ದರೂ ಇಬ್ಬರ ಅರ್ಥ ಬೇರೆ. ಇಂಟೆಲ್‌ನಲ್ಲಿ ಮಿತಿ ಎರಡು. ಪಿಎಲ್1 65 ವಾಟ್, ಪಿಎಲ್2 117 ವಾಟ್. ಮೊದಲ 28 ಸೆಕೆಂಡ್ ಎರಡನೆಯದರಲ್ಲಿ ಓಡಿ, ಆಮೇಲೆ ಮೊದಲನೆಯದಕ್ಕೆ ಇಳಿಯಬೇಕೆಂಬುದು ಕಂಪನಿಯ ಲೆಕ್ಕ. ಎಎಂಡಿಯಲ್ಲಿ ಸಾಕೆಟ್ಟಿನಿಂದ ಎಳೆಯಬಹುದಾದ ಮಿತಿಗೆ ಪಿಪಿಟಿ ಎಂದು ಹೆಸರು, 5600ಜಿಗೆ 88 ವಾಟ್, ಅದಕ್ಕೆ ಸೆಕೆಂಡಿನ ಗಡುವಿಲ್ಲ. 12400ರ ಆರೂ ಕೋರ್ 4.0ರಲ್ಲಿ ಓಡಲು 70ರಿಂದ 80 ವಾಟ್ ಬೇಕು. ಅಂದರೆ ಬೋರ್ಡ್ ಪಿಎಲ್1 ಅನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಅರ್ಧ ನಿಮಿಷದ ಮೇಲೆ ಗಡಿಯಾರ ತುಸು ಇಳಿಯುತ್ತದೆ. ನಮ್ಮ ಬೋರ್ಡಿನ ಬಯಾಸ್ ತೆಗೆದು ನೋಡಿದರೆ ಪಿಎಲ್1 ಜಾಗದಲ್ಲಿ 4095 ಎಂದಿತ್ತು! ನಾಲ್ಕು ಸಾವಿರ ವಾಟ್ ಕೊಡುವ ಬೋರ್ಡೇನಲ್ಲ ಅದು. 'ಮಿತಿಯೇ ಇಲ್ಲ' ಎಂದು ಬರೆಯುವ ರೀತಿ. ಅದನ್ನು 65ಕ್ಕೆ ಇಳಿಸಿ ಮತ್ತೆ ಓಡಿಸಿದಾಗ 28 ಸೆಕೆಂಡ್ ಆದ ಕೂಡಲೇ ಎಚ್‌ಡಬ್ಲ್ಯುಇನ್ಫೊದಲ್ಲಿ ವಾಟ್ ಗೆರೆ ಮೆಟ್ಟಿಲು ಇಳಿದಂತೆ ಇಳಿಯಿತು, ಗಡಿಯಾರ 4.0ರ ಕೆಳಗೆ ಬಂತು, ಸ್ಕೋರ್ ಕೆಲವು ಶೇಕಡ ಕುಗ್ಗಿತು. ಒಂದೇ ಚಿಪ್ಪಿಗೆ ಇಬ್ಬರು ಎರಡು ಸ್ಕೋರ್ ಹೇಳಿ ಜಗಳವಾಡುವುದು ಬಹುಮಟ್ಟಿಗೆ ಇದರಿಂದಲೇ.

ಬಿಸಿಯ ಮಿತಿ 12400ಕ್ಕೆ 100 ಡಿಗ್ರಿ, 5600ಜಿಗೆ 95. ಅಲ್ಲಿಗೆ ಮುಟ್ಟಿದರೆ ಚಿಪ್ ಸುಡುವುದಿಲ್ಲ, ತಾನೇ ನಿಧಾನ ಮಾಡಿಕೊಳ್ಳುತ್ತದೆ. ಎರಡರ ಜೊತೆಗೆ ಬರುವ ಕೂಲರೂ ದಿನನಿತ್ಯದ ಕೆಲಸಕ್ಕೆ ಸಾಕು. ಗಂಟೆಗಟ್ಟಲೆ ರೆಂಡರ್ ಮಾಡುವುದಾದರೆ, ಅದರಲ್ಲೂ ಮಿಷನ್ ಪಾವಗಡ, ಶಿರಾ ಕಡೆ ಹೋಗುವುದಾದರೆ, ನಾಲ್ಕು ಕೊಳವೆಯ ಟವರ್ ಕೂಲರ್ ಹಾಕಿಸಿ. ಹೈವೇ ಬದಿಯ ಅಂಗಡಿಯಾದರೆ ಮೂರು ತಿಂಗಳಿಗೊಮ್ಮೆ ಧೂಳು ಊದಿ. ಊದುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಬೇಕು.

ಕರೆಂಟಿನ ಲೆಕ್ಕ ಕೇಳುವವರಿಗೆ: ಭಾರದ ಕೆಲಸದಲ್ಲಿ 20 ವಾಟ್ ಹೆಚ್ಚುಕಡಿಮೆ ಎಂದೇ ಹಿಡಿಯಿರಿ, ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ ಎಂದರೆ 4 ಯೂನಿಟ್. ಆ ಕಾರಣಕ್ಕೆ ಚಿಪ್ ಆರಿಸಬೇಕಿಲ್ಲ. 7-ಜಿಪ್‌ನ ಒಳಗಿರುವ ಬೆಂಚ್‌ಮಾರ್ಕ್ ಕೂಡ ಓಡಿಸಿದೆವು. ಅದು ರ‍್ಯಾಮಿನ ಮೇಲೆ ನಿಂತದ್ದು, ಎಕ್ಸ್‌ಎಂಪಿ ಮರೆತಿದ್ದರೆ ಥಟ್ಟನೆ ಹಿಡಿದುಕೊಡುತ್ತದೆ. ಅಷ್ಟಕ್ಕೇ ಅದನ್ನು ಬಳಸುವುದು.

ನಿಜವಾದ ಬೇರ್ಪಾಡು ಗ್ರಾಫಿಕ್ಸ್‌ನಲ್ಲಿ, ಅದೂ ಎರಡು ದಿಕ್ಕಿಗೆ.

12400ರ ಒಳಗಿರುವುದು ಯುಎಚ್‌ಡಿ 730, 24 ಘಟಕದ್ದು. 5600ಜಿಯಲ್ಲಿರುವುದು ವೆಗಾ, 7 ಘಟಕ, 1900 ಮೆಗಾಹರ್ಟ್ಜ್. ಇಬ್ಬರ ಘಟಕದ ಅಳತೆ ಒಂದೇ ಅಲ್ಲ, 24ನ್ನು 7ರ ಜೊತೆ ತೂಗಬೇಡಿ. ಆಟಕ್ಕೆ ವೆಗಾ ಮುಂದೆ ಯುಎಚ್‌ಡಿ 730 ಲೆಕ್ಕಕ್ಕಿಲ್ಲ. 1080ಪಿಯಲ್ಲಿ ಸೆಟ್ಟಿಂಗ್ ಇಳಿಸಿದರೆ ವೆಗಾದಲ್ಲಿ ಆಡುವಂತಿರುವ ಆಟ, ಯುಎಚ್‌ಡಿಯಲ್ಲಿ 720ಪಿಗೆ ಇಳಿಸಿದರೂ ತಡವರಿಸುತ್ತದೆ. ಆದರೆ ವೆಗಾಕ್ಕೆ ತನ್ನದೇ ಮೆಮೊರಿ ಇಲ್ಲ, ರ‍್ಯಾಮಿನಿಂದಲೇ ಉಣ್ಣಬೇಕು. ಡಿಡಿಆರ್4-3200ರ ಒಂದು ಕಡ್ಡಿ ಕೊಡುವುದು ಸೆಕೆಂಡಿಗೆ 25.6 ಜಿಬಿ, ಎರಡು ಕಡ್ಡಿ 51.2 ಜಿಬಿ. "ಈಗ 16ರದ್ದು ಒಂದೇ ಕಡ್ಡಿ ಹಾಕಿ, ಮುಂದಿನ ವರ್ಷ ಇನ್ನೊಂದು" ಎಂದು 5600ಜಿ ಕಟ್ಟಿಸಿಕೊಳ್ಳುವವರು ಆ ಒಂದು ವರ್ಷ ವೆಗಾವನ್ನು ಅರ್ಧ ಹೊಟ್ಟೆಯಲ್ಲಿ ದುಡಿಸುತ್ತಾರೆ. 8ರದ್ದು ಎರಡೇ ಸರಿ. ಬಯಾಸ್‌ನಲ್ಲಿ ವೆಗಾಕ್ಕೆ 2 ಜಿಬಿ ಎತ್ತಿಟ್ಟರೆ ವಿಂಡೋಸ್‌ನಲ್ಲಿ 16ರ ಬದಲು 13.9 ಜಿಬಿ ಬಳಕೆಗೆ ಎಂದು ಕಾಣುತ್ತದೆ. ರ‍್ಯಾಮ್ ಕದ್ದರು ಎಂದು ಫೋನ್ ಬರುವುದು ಇಲ್ಲಿಂದಲೇ, ಮೊದಲೇ ಹೇಳಿಬಿಡಿ.

ವಿಡಿಯೊಗೆ ಬಂದರೆ ತಕ್ಕಡಿ ಮಗುಚುತ್ತದೆ. ಈಚಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಮದುವೆ ಶೂಟ್ ಮಾಡುವವರು ಬಣ್ಣ ತಿದ್ದಲು ಅನುಕೂಲವೆಂದು ಎಚ್.265, 10-ಬಿಟ್, 4:2:2 (ಬಣ್ಣದ ವಿವರವನ್ನು 4:2:0ಗಿಂತ ಹೆಚ್ಚು ಉಳಿಸುವ ರೀತಿ) ಇಟ್ಟುಕೊಳ್ಳುತ್ತಾರೆ. ಈ 4:2:2 ಬಿಡಿಸುವ ಯಂತ್ರಾಂಗ 12400ರ ಕ್ವಿಕ್‌ ಸಿಂಕ್ ಎಂಬ ವಿಡಿಯೊ ಭಾಗದಲ್ಲಿ ಇದೆ, 5600ಜಿಯಲ್ಲಿ ಇಲ್ಲ. ಒಂದೇ ಕ್ಲಿಪ್ಪನ್ನು ಎರಡರಲ್ಲೂ ಪ್ರೀಮಿಯರ್ ಪ್ರೊ ಟೈಮ್‌ಲೈನ್‌ಗೆ ಹಾಕಿ ಟಾಸ್ಕ್ ಮ್ಯಾನೇಜರ್ ತೆರೆದೆವು. 12400ರಲ್ಲಿ ಜಿಪಿಯು ಪುಟದ 'ವಿಡಿಯೊ ಡಿಕೋಡ್' ಗೆರೆ ಎದ್ದಿತು, ಸಿಪಿಯು ಆರಾಮಾಗಿತ್ತು, ಟೈಮ್‌ಲೈನಿನ ಪ್ಲೇಹೆಡ್ ಗೆರೆಯನ್ನು ಎಳೆದಲ್ಲಿ ಚಿತ್ರ ಬಂತು. 5600ಜಿಯಲ್ಲಿ ಅದೇ ಗೆರೆ ನೆಲ ಬಿಟ್ಟು ಏಳಲಿಲ್ಲ. ಹನ್ನೆರಡು ಥ್ರೆಡ್ಡೂ ತುಂಬಿಕೊಂಡು, ಫ್ಯಾನ್ ಕೂಗಿ, ಚಿತ್ರ ಬಿಟ್ಟು ಬಿಟ್ಟು ಬಂತು. ಸಿನೆಬೆಂಚ್‌ನ ಹದಿನೈದು ಶೇಕಡ ಇದರ ಮುಂದೆ ಏನೂ ಅಲ್ಲ. 4:2:0 ಕ್ಲಿಪ್ ಹಾಕಿದರೆ 5600ಜಿಯೂ ಸಲೀಸು. ಹಾಗಾಗಿ ಸ್ಟುಡಿಯೊದವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಬಜೆಟ್ ಅಲ್ಲ, ಕ್ಯಾಮೆರಾದಲ್ಲಿ ಯಾವ ಫಾರ್ಮ್ಯಾಟ್ ಇಟ್ಟಿದ್ದೀರಿ ಎಂಬುದು. ಯೂಟ್ಯೂಬಿನ ಎವಿ1 ವಿಡಿಯೊ ಬಿಡಿಸುವುದರಲ್ಲೂ ಹೀಗೇ, 12400ಕ್ಕೆ ಅದರ ಅಂಗವಿದೆ, 5600ಜಿಗೆ ಇಲ್ಲ.

ಎಚ್610 ಬೋರ್ಡ್ ಆರಿಸುವಾಗ ಹಿಂಬದಿ ಪೋರ್ಟ್ ವಿವರ ಓದಿ. ಕೆಲವದರಲ್ಲಿ ಎಚ್‌ಡಿಎಂಐ 1.4 ಮಾತ್ರ ಇರುತ್ತದೆ, ಅದರಲ್ಲಿ 4ಕೆ ಪರದೆ 30 ಹರ್ಟ್ಜ್‌ಗೆ ನಿಂತು ಮೌಸ್ ಎಳೆದಂತೆ ಚಲಿಸುತ್ತದೆ. ಎಸ್‌ಎಸ್‌ಡಿಗೂ ಎಚ್610 ಕೈ ಹಿಡಿತ ಮಾಡುತ್ತದೆ: ಚಿಪ್ಪಿನಲ್ಲಿ ನಾಲ್ಕನೇ ಪೀಳಿಗೆಯ ಪಿಸಿಐಇ (ಡೇಟಾ ಓಡುವ ಹಾದಿ) ಇದ್ದರೂ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟಿಗೆ ಸಿಗುವುದು ಮೂರನೆಯದು. 5600ಜಿಯಂತೂ ತಾನೇ ಪೂರ್ತಿ ಮೂರನೇ ಪೀಳಿಗೆ, ಬಿ550 ಬೋರ್ಡ್ ಕೊಂಡರೂ ಬದಲಾಗದು.

ಮುಂದೆ ಚಿಪ್ ಬದಲಿಸುವ ದಾರಿ ಎರಡಕ್ಕೂ ಉಂಟು. ಎಎಂ4ರಲ್ಲಿ ಗ್ರಾಫಿಕ್ಸ್ ಕಾರ್ಡ್ ಕೊಂಡ ಮೇಲೆ 5700ಎಕ್ಸ್3ಡಿ, 5800ಎಕ್ಸ್3ಡಿ ತರದ 96 ಎಂಬಿ ಎಲ್3 ಇರುವವು ಕೂರುತ್ತವೆ. ಎಲ್‌ಜಿಎ1700ರಲ್ಲಿ 13, 14ನೇ ತಲೆಮಾರು ಕೂರುತ್ತದೆ. ಆದರೆ ಅವುಗಳ ದೊಡ್ಡ ಚಿಪ್‌ಗಳಲ್ಲಿ ವೋಲ್ಟೇಜ್ ಹೆಚ್ಚಾಗಿ ಕ್ರ್ಯಾಷ್ ಆಗುವ ತೊಂದರೆಯನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಅದನ್ನು ತಿದ್ದುವ ಮೈಕ್ರೋಕೋಡ್ (ಚಿಪ್ಪಿನೊಳಗಿನ ತಂತ್ರಾಂಶ) ಬಿಟ್ಟಿದೆ, ಆದ್ದರಿಂದ ಮೊದಲು ಬಯಾಸ್ ಅಪ್‌ಡೇಟ್, ಆಮೇಲೆ ಚಿಪ್. 12ನೇ ತಲೆಮಾರಿಗೆ ಈ ರೋಗವಿಲ್ಲ.

ಸ್ಟುಡಿಯೊಗೆ 12400 ಹೋಯಿತು, ರ‍್ಯಾಮ್ 32 ಜಿಬಿಗೆ ಏರಿಸಿ, ಟವರ್ ಕೂಲರ್ ಹಾಕಿ, ಪಿಎಲ್1 ಅನ್ನು 4095ರ ಬದಲು 90ಕ್ಕೆ ಕಟ್ಟಿ. ಹುಡುಗನಿಗೆ 5600ಜಿ, 8ರ ಎರಡು ಕಡ್ಡಿಯೊಂದಿಗೆ. ಮಂಡಿಪೇಟೆಯವರು ಬಂದು "ನಮಗೂ ಆ ಸ್ಟುಡಿಯೊದವರಿಗೆ ಹಾಕಿದ್ದನ್ನೇ ಹಾಕಿ ಸ್ವಾಮಿ" ಎಂದರು. ಟ್ಯಾಲಿ, ಬಿಲ್ಲಿಂಗ್, ಜಿಎಸ್‌ಟಿ ಪೋರ್ಟಲ್ ಇಷ್ಟಕ್ಕೆ ಎರಡೂ ಹೆಚ್ಚಾಯಿತು. ಅದೇ ಎಚ್610 ಬೋರ್ಡಿಗೆ ನಾಲ್ಕು ಕೋರಿನ ಐ3-12100 ಹಾಕಿದೆವು: 4.3 ಗಿಗಾಹರ್ಟ್ಜ್, ಅದೇ ಅಗಲದ ಕೋರ್, ಅದೇ ಯುಎಚ್‌ಡಿ 730. ಬೋರ್ಡಿನಲ್ಲಿ ವಿಜಿಎ ಪೋರ್ಟ್ ಇದ್ದುದರಿಂದ ಅವರ ಹಳೇ ಮಾನಿಟರೂ ಉಳಿಯಿತು. ಮಿಕ್ಕ ದುಡ್ಡು ಒಳ್ಳೆಯ ಯುಪಿಎಸ್‌ಗೆ ಮತ್ತು ಬ್ಯಾಕಪ್‌ಗೊಂದು ಹಾರ್ಡ್ ಡಿಸ್ಕ್‌ಗೆ ಸರಿಹೋಯಿತು.